ಬೋಳು ಹಕ್ಕಿಯ ಬಾಣಂತನ

ಆ ವರ್ಷದ ಆಗಸ್ಟಿನಲ್ಲಿ ನಾನು ಅಮ್ಮನ ಜೊತೆ ಮಾತಾಡಿದ್ದಕ್ಕಿಂತ ಜಗಳವಾಡಿದ್ದೇ ಹೆಚ್ಚು. ನನ್ನ ಮೊದಲ ಹೆರಿಗೆಗೆಂದು ಮೈಸೂರಿನಿಂದ ಬಂದವಳು, ವಾರಿಂಗ್ಟನ್ ಎಂಬ ಇಂಗ್ಲಿಷ್ ಊರಿನ ನಮ್ಮ ಪುಟ್ಟ ಮನೆಯನ್ನು ವಾರದೊಳಗೆ ಬಾಣಂತಿ ಕೋಣೆ ಮಾಡಿಬಿಟ್ಟಳು. ಮಗುವಿಗೆ ನಾಲ್ಕು ತಿಂಗಳು ತುಂಬಿದರೂ ನನ್ನ ಬಾಣಂತನ ಮುಗಿದಿರಲಿಲ್ಲ. ಬೇಸಿಗೆಯಲ್ಲೂ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು. ಸಾಂಬ್ರಾಣಿ ಹೊಗೆ ಹಾಕಿದಾಗಲೆಲ್ಲ ಸ್ಮೋಕ್ ಅಲಾರಂ ಬಡಿದುಕೊಳ್ಳುತ್ತಿತ್ತು, ಅಮ್ಮ "ಅದಕ್ಕೇನ್ ಗೊತ್ತು" ಎನ್ನುತ್ತ ಸ್ಟೂಲು ಹತ್ತಿ ಟವೆಲಿನಿಂದ ಗಾಳಿ ಬೀಸುತ್ತಿದ್ದಳು. ಬರ್ಚ್‌ವುಡ್ಡಿನ ಆಫೀಸಿನಲ್ಲಿ ನನ್ನ ಕೈಕೆಳಗೆ ಒಂದು ತಂಡವೇ ಇತ್ತು. ಮನೆಯಲ್ಲಿ ನನ್ನ ತಲೆ ನಾನೇ ಬಾಚಿಕೊಳ್ಳುವ ಅಧಿಕಾರವೂ ಇರಲಿಲ್ಲ.

ತಲೆ ಬಾಚುವುದೆಂದರೆ ಒಂದು ದೊಡ್ಡ ಕಾರ್ಯಕ್ರಮ. ಮನೆಯೊಳಗೆ ಬಾಚಬಾರದು, ಕೂದಲು ಅನ್ನಕ್ಕೆ ಬೀಳುತ್ತದೆ, ಮನೆಗೆ ಒಳ್ಳೆಯದಲ್ಲ. ಹಾಗಾಗಿ ಅಡುಗೆಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿ, ತಾನು ಹೊಸ್ತಿಲಲ್ಲಿ ಕೂತು ಬಾಚುತ್ತಿದ್ದಳು. ಸೊಂಟ ದಾಟಿದ ಆ ಕೂದಲು ಅಮ್ಮನ ಆಸ್ತಿ. ನಾನು ಹೊತ್ತು ತಿರುಗುತ್ತಿದ್ದೆ, ಅಷ್ಟೆ. ಹೆರಿಗೆಯಾಗಿ ಮೂರು ತಿಂಗಳಾಗುತ್ತಲೇ ಅದು ಉದುರತೊಡಗಿತು. ದಿಂಬಿನ ಮೇಲೆ, ಸಿಂಕಿನಲ್ಲಿ, ಮೊಸರಿನ ಬಟ್ಟಲಲ್ಲಿ, ಗಂಡನ ಆಸ್ಪತ್ರೆಯ ಬ್ಯಾಡ್ಜಿನಲ್ಲಿ, ಎಲ್ಲಿ ನೋಡಿದರೂ ನಾನೇ. ಬಾಚಣಿಗೆಗೆ ಬಂದದ್ದನ್ನು ಅಮ್ಮ ಬೆರಳಿಗೆ ಸುತ್ತಿ ಉಂಡೆ ಮಾಡಿ, ಥೂ ಥೂ ಎಂದು ಉಗಿದು, ಗಿಡಗಳ ಬೇಲಿಯ ಕಡೆ ಎಸೆಯುತ್ತಿದ್ದಳು.

"ಅಮ್ಮ, ಅಲ್ಲೇ ಬಿನ್ ಇದೆ."

"ಮನೆ ಬುಟ್ಟಿಗೆ ಯಾರಾದ್ರೂ ತಲೆಕೂದ್ಲು ಹಾಕ್ತಾರೇನೇ?"

"ಹೊರಗಡೆನೂ ಇದ್ಯಲ್ಲ, ಮೂರು ಬಣ್ಣದ್ದು."

"ಕೂದ್ಲಿಗೆ ಯಾವ ಬಣ್ಣದ್ದು ಹೇಳು ನೋಡೋಣ."

ನನಗೆ ಗೊತ್ತಿರಲಿಲ್ಲ. ಕಸ ಒಯ್ಯುವ ಕೌನ್ಸಿಲಿನವರು ಕೊಟ್ಟ ಹಾಳೆಯಲ್ಲಿ ಮೊಟ್ಟೆಯ ಚಿಪ್ಪಿನಿಂದ ಹಿಡಿದು ಹಳೆಯ ಬ್ಯಾಟರಿಯವರೆಗೆ ಎಲ್ಲಕ್ಕೂ ಜಾಗ ತೋರಿಸಿದ್ದರು, ಬಾಣಂತಿಯ ಕೂದಲಿಗೆ ಮಾತ್ರ ಇರಲಿಲ್ಲ. ಅಮ್ಮ ಗೆದ್ದೆನೆಂಬಂತೆ ಜಡೆ ಬಿಗಿದಳು.

ಹಕ್ಕಿಯ ಪರಿಚಯವಾದದ್ದೂ ಆ ಮೆಟ್ಟಿಲ ಮೇಲೆಯೇ. ನಮ್ಮ ಬೇಲಿಯೊಳಗೆ ಗೂಡು ಕಟ್ಟಿ, ವಸಂತದಿಂದ ಮರಿಗಳ ಮೇಲೆ ಮರಿ ಸಾಕಿದ ಹೆಣ್ಣು ಬ್ಲ್ಯಾಕ್‌ಬರ್ಡ್ ಅದು. ಹೆಸರಿಗೆ ಬ್ಲ್ಯಾಕ್, ಗಂಡಷ್ಟೇ ಕಪ್ಪು, ಹೆಣ್ಣಿನದು ಹುರಿದ ಕಾಫಿಬೀಜದ ಬಣ್ಣ. "ಹೆಸರಿಡೋವಾಗ್ಲೂ ಗಂಡಸ್ರನ್ನೇ ನೋಡಿದ್ದಾರೆ" ಎಂದಳು ಅಮ್ಮ. ಜುಲೈ ಕಳೆಯುವಷ್ಟರಲ್ಲಿ ಅದರ ಬಾಲ ಉದುರಿ ಮೋಟಾಯಿತು. ಆಮೇಲೆ ತಲೆಯ ಗರಿಯೂ ಹೋಗಿ, ಬೂದು ಚರ್ಮ, ಕಿವಿಯ ತೂತು ಎಲ್ಲ ಕಾಣತೊಡಗಿತು. ನೋಡಿದವರಿಗೆ ಇವತ್ತೋ ನಾಳೆಯೋ ಎನಿಸುತ್ತಿತ್ತು. ಹಾರುವುದನ್ನು ಹೆಚ್ಚುಕಮ್ಮಿ ಬಿಟ್ಟು, ಬೇಲಿಯ ಬುಡದಲ್ಲೇ ಕುಪ್ಪಳಿಸಿಕೊಂಡಿರುತ್ತಿತ್ತು.

ಮಗುವಿಗೆ ಹಾಲು ಕೊಡುತ್ತ ಫೋನಿನಲ್ಲಿ ಹುಡುಕಿದೆ. ಅದಕ್ಕೆ ಸ್ವಲ್ಪ ಹೊತ್ತಿನ ಮೊದಲು ನನ್ನ ಕೂದಲಿನ ಬಗ್ಗೆ ಹುಡುಕಿದ್ದರಿಂದ ಫೋನಿಗೂ ತಲೆ ಕೆಟ್ಟಿತೇನೋ, ಎತ್ತಿ ತೋರಿಸಿದ್ದು ಹಮ್ಮಿಂಗ್‌ಬರ್ಡು. ಹೆಬ್ಬೆರಳಿನಷ್ಟಿರುವ ಅಮೆರಿಕದ ಹಕ್ಕಿ. ಅದು ಹಾರಾಟ ನಿಲ್ಲಿಸುವಂತಿಲ್ಲವಾದ್ದರಿಂದ ರೆಕ್ಕೆಯ ಗರಿಗಳನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸುತ್ತದಂತೆ, ತಲೆಯ ಗರಿಯ ಸರದಿ ಕೊನೆಗಂತೆ. ಆ ದಿನಗಳಲ್ಲಿ ಹಸಿವು ಜಾಸ್ತಿ, ಶಕ್ತಿ ಕಮ್ಮಿ, ಬೆಕ್ಕಿಗೂ ಕಿಟಕಿಯ ಗಾಜಿಗೂ ಜೇಡರ ಬಲೆಗೂ ಸಿಕ್ಕಿಬೀಳುವುದು ಸುಲಭ. ಈ ದೇಶದಲ್ಲಿ ಇಲ್ಲವೇ ಇಲ್ಲದ ಹಕ್ಕಿಯ ಕಷ್ಟಸುಖವನ್ನೆಲ್ಲ ಓದಿ ಮುಗಿಸಿದ ಮೇಲೆ, ಕೊನೆಯಲ್ಲಿ ನಮ್ಮದರ ಸುದ್ದಿ ಸಿಕ್ಕಿತು. ಮರಿ ಸಾಕಿ ಮುಗಿದ ಮೇಲೆ ಹಳೆಯ ಗರಿ ಉದುರಿಸಿ ಹೊಸದು ತರಿಸಿಕೊಳ್ಳುವುದು ಹಕ್ಕಿಗಳ ವಾಡಿಕೆ. ರೋಗವಲ್ಲ, ಚಳಿಗಾಲದೊಳಗೆ ಸರಿಹೋಗುತ್ತದೆ. ಇದನ್ನು ಅಮ್ಮನಿಗೆ ವಿವರವಾಗಿ ಹೇಳಿದೆ.

"ಅಂದ್ರೆ ಬಾಣಂತಿ," ಎಂದಳು. "ನಾನು ಮೊನ್ನೇನೇ ಹೇಳ್ಲಿಲ್ವಾ?"

ಹೇಳಿದ್ದಳು. ಅದೇ ನನಗೆ ಮೈ ಉರಿಯುವ ವಿಷಯ. ನಾನು ಓದಿ ತಿಳಿದದ್ದೆಲ್ಲ ಅವಳು ಮೊನ್ನೆಯೇ ಹೇಳಿ ಮುಗಿಸಿರುತ್ತಿದ್ದಳು. ಅಂದಿನಿಂದ ಅಮ್ಮನಿಗೆ ಇಬ್ಬರು ಬಾಣಂತಿಯರು. ನೆನೆಸಿದ ದ್ರಾಕ್ಷಿ, ನನಗೆಂದು ಮಾಡಿದ ಅಂಟಿನುಂಡೆಯ ಪುಡಿ, ಎಲ್ಲ ಬೇಲಿಯ ಬುಡಕ್ಕೆ ಹೋಯಿತು. ನಾನು ಮೂಗು ಮುರಿಯುವ ಉಂಡೆಯನ್ನು ಹಕ್ಕಿ ಚೂರೂ ಬಿಡದೆ ತಿನ್ನುತ್ತಿತ್ತು. ಅದರ ಗುಣಗಾನ ದಿನಾ ನನ್ನ ಕಿವಿಗೆ ಬೀಳುತ್ತಿತ್ತು.

ಪಕ್ಕದ ಮನೆಯಾಕೆ ನಿವೃತ್ತ ಟೀಚರು, ಒಬ್ಬರೇ ಇದ್ದರು. ಹಕ್ಕಿಗಳೆಂದರೆ ಪ್ರಾಣ. ಮರದ ತುಂಬ ಕಾಳಿನ ಡಬ್ಬಿ ತೂಗುಹಾಕಿ, ಅದೇ ಮರದ ಕೆಳಗೆ ಒಂದು ದಢೂತಿ ಬೆಕ್ಕನ್ನೂ ಸಾಕಿದ್ದರು. ಹಕ್ಕಿಗೆ ಕಾಳು, ಬೆಕ್ಕಿಗೆ ಹಕ್ಕಿ. ಅದು ಸಾಲದೆಂಬಂತೆ ಹಿತ್ತಲಿನ ಗಾಜಿನ ಬಾಗಿಲನ್ನು ಆಕಾಶವೇ ಒಳಗಿದೆ ಎನ್ನುವಷ್ಟು ಉಜ್ಜುತ್ತಿದ್ದರು. ಆಗಾಗ ಒಂದೊಂದು ಹಕ್ಕಿ ಬಂದು ದಬ್ಬೆಂದು ಬಡಿದುಕೊಳ್ಳುತ್ತಿತ್ತು. ಸ್ಟ್ರಾಬೆರಿ ಪಾತಿಗೆ ಬಲೆ ಬೇರೆ. ಇಷ್ಟೆಲ್ಲ ಮಾಡಿ, ಈಚೆಗೆ ಹಕ್ಕಿಗಳು ಕಡಿಮೆಯಾಗಿವೆ ಎಂದು ಬೇಲಿಯಾಚೆಯಿಂದ ನನ್ನ ಹತ್ತಿರ ಕೊರಗುತ್ತಿದ್ದರು. ಅಮ್ಮ ಮಾತ್ರ ಮುದ್ದೆ ತಿರುವುವ ಕೋಲು ಹಿಡಿದು ಮೆಟ್ಟಿಲ ಮೇಲೆ ಕಾವಲು ಕೂತಳು. ಬೆಕ್ಕು ಬಂದರೆ ಕನ್ನಡದಲ್ಲೇ ಬೈಯುತ್ತಿದ್ದಳು, ಅದಕ್ಕೆ ಅರ್ಥವೂ ಆಗುತ್ತಿತ್ತು.

ಇನ್ನು ಸಾಕ್ಸಿನ ಜಗಳ. ನನ್ನ ಮಗಳ ಪಾದವನ್ನು ಸ್ನಾನದ ಹೊತ್ತು ಬಿಟ್ಟರೆ ಯಾರೂ ನೋಡುವಂತಿರಲಿಲ್ಲ. ಬೇಸಿಗೆಯಲ್ಲೂ ಉಣ್ಣೆಯ ಸಾಕ್ಸು, ಅದರ ಮೇಲೆ ಬಟ್ಟೆ ಸುತ್ತಿ ಗಂಟು. ಮಗುವನ್ನು ನೋಡಿಹೋಗಲು ಬಂದ ಹೆಲ್ತ್ ವಿಸಿಟರ್ ನರ್ಸು, ಮನೆಯೊಳಗೆ ಮಗುವಿಗೆ ಸಾಕ್ಸು, ಟೋಪಿ ಏನೂ ಬೇಡ ಎಂದು ನಯವಾಗಿ ಹೇಳಿ ಹೋದಳು. ಅಮ್ಮ ಅವಳಿಗೆ ಚಹಾ ಕೊಟ್ಟು, ಅವಳು ಗೇಟು ದಾಟುತ್ತಿದ್ದಂತೆ ಸಾಕ್ಸನ್ನು ಇನ್ನಷ್ಟು ಮೇಲೆಳೆದಳು.

"ಶೀತ ಪಾದದಿಂದಾನೇ ಹತ್ತೋದು. ಈ ದೇಶದೋರಿಗೆ ಏನ್ ಗೊತ್ತು, ಮಳೇಲಿ ಐಸ್‌ಕ್ರೀಂ ತಿಂತಾರೆ."

ನನ್ನ ಗಂಡ ಡಾಕ್ಟರು, ಅನಸ್ತೀಸಿಯಾದವನು. ಇಡೀ ಊರನ್ನು ಮಲಗಿಸುವವನಿಗೆ ಸ್ವಂತ ಮಗಳನ್ನು ಮಲಗಿಸಲು ಬರುತ್ತಿರಲಿಲ್ಲ, ಅದಿರಲಿ. ಒಮ್ಮೆ ಅವನು ಸಾಕ್ಸು ಬಿಚ್ಚಿ ಮಗುವಿನ ಪಾದಕ್ಕೆ ಕಚಗುಳಿ ಇಟ್ಟದ್ದಕ್ಕೆ ಅಮ್ಮ ಸಂಜೆಯವರೆಗೆ ಕಣ್ಣೀರು ಹಾಕಿದಳು. ಅಳಿಯಂದಿರು ಆ ವಿಷಯಕ್ಕೆ ಕೈ ಹಾಕಬಾರದೆಂದು ಅಂದೇ ಇತ್ಯರ್ಥವಾಯಿತು. ಅವನಿಗೂ ಅಷ್ಟೇ ಬೇಕಿತ್ತು. ಆಸ್ಪತ್ರೆಯ ಪಾಳಿ ಮುಗಿಸಿ ಬಂದವನಿಗೆ ಮನೆಯಲ್ಲಿ ಶಾಂತಿ ಇದ್ದರೆ ಸಾಕು. ಆ ಸಾಕ್ಸುಗಳು ನಮ್ಮೆಲ್ಲರ ಬಟ್ಟೆಯ ಜೊತೆ ಒಂದೇ ಮೆಷೀನಿನಲ್ಲಿ ತಿರುಗಿ, ಒಣಗಿ, ಮತ್ತೆ ಮಗುವಿನ ಕಾಲಿಗೆ ಏರುತ್ತಿದ್ದವು.

ಒಂದು ಬೆಳಿಗ್ಗೆ ಸ್ನಾನವಾಗಿ, ಸಾಕ್ಸು ಏರಿಸಿ, ತೊಟ್ಟಿಲಿಗೆ ಹಾಕಿದ ಸ್ವಲ್ಪ ಹೊತ್ತಿಗೆ ಮಗು ಅಳಲು ಶುರುಮಾಡಿತು. ಹಸಿವಿನ ಅಳು ನನಗೆ ಗೊತ್ತು, ನಿದ್ದೆಯದು ಗೊತ್ತು. ಇದು ಅದಲ್ಲ. ಎತ್ತಿದರೂ ಅಳು, ಇಳಿಸಿದರೂ ಅಳು. ಹಾಲು ಕುಡಿಯುತ್ತ ಕುಡಿಯುತ್ತ ಬಾಯಿ ತೆಗೆದು ಕಿರುಚಿಕೊಳ್ಳುತ್ತಿತ್ತು. ಅಮ್ಮ ಹೊಟ್ಟೆನೋವು ಎಂದು ಹಿಂಗು ಹಚ್ಚಿದಳು. ಆಮೇಲೆ ದೃಷ್ಟಿ ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು; ಅಲಾರಂ ಹೊಡೆದುಕೊಂಡು ಮಗು ಇನ್ನಷ್ಟು ಬೆದರಿತು. ನೈಟ್ ಡ್ಯೂಟಿಗೆ ಹೊರಡುವ ಮುಂಚೆ ಗಂಡ ಕಿವಿ ನೋಡಿದ, ಗಂಟಲು ನೋಡಿದ, ಹೊಟ್ಟೆ ಒತ್ತಿ ನೋಡಿದ, ಜ್ವರವಿಲ್ಲ ಎಂದ. ಅಂಗಿ ಬಿಚ್ಚಿದ, ನ್ಯಾಪಿ ಬಿಚ್ಚಿದ. ಸಾಕ್ಸು ಬಿಚ್ಚಲಿಲ್ಲ. ಫೋನು ಮಾಡಿದರೆ ಸಹಾಯವಾಣಿಯವಳು ನೂರೆಂಟು ಪ್ರಶ್ನೆ ಕೇಳಿ, ಪ್ಯಾರಾಸಿಟಮಾಲ್ ಕೊಟ್ಟು ಗಮನಿಸುತ್ತಿರಿ ಎಂದಳು. ಗಮನಿಸುವುದನ್ನು ಬಿಟ್ಟು ನಾನಿನ್ನೇನು ಮಾಡುತ್ತಿದ್ದೆ.

ಮರುದಿನ ಅಮ್ಮ ಮಗುವಿಗೆ ಸ್ನಾನ ಬೇಡ ಎಂದಳು. ಮೈ ಸರಿಯಿಲ್ಲದ ಕೂಸಿಗೆ ನೀರು ಹಾಕಬಾರದು. ಸಾಕ್ಸಿನ ಗಂಟು ಹಾಗೇ ಉಳಿಯಿತು. ನನಗೆ ವಾದಿಸುವ ಶಕ್ತಿಯೂ ಇರಲಿಲ್ಲ. ಗಂಡ ಡ್ಯೂಟಿ ಮುಗಿಸಿ ಬಂದು, ಮಗುವನ್ನು ಎತ್ತಿಕೊಂಡು ಒಂದಿಷ್ಟು ಹೊತ್ತು ತಿರುಗಾಡಿ, ನಿಂತಲ್ಲೇ ತೂಕಡಿಸುತ್ತಿದ್ದುದನ್ನು ನೋಡಿ ನಾನೇ ಮೇಲೆ ಹೋಗಿ ಮಲಗು ಎಂದೆ. ಸಂಜೆಯೊಳಗೆ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗುವುದೆಂದು ಮಾತಾಯಿತು. ಹೆಗಲ ಮೇಲೆ ಮಗುವಿನ ಕಿರುಚಾಟ, ಅಡುಗೆಮನೆಯಲ್ಲಿ ಅಮ್ಮನ ಗೊಣಗಾಟ. ನನಗೆ ಬಾಗಿಲು ತೆಗೆದು ಎಲ್ಲಿಗಾದರೂ ಹೊರಟುಹೋಗಬೇಕೆನಿಸಿತ್ತು.

ಆ ಹೊತ್ತಿನಲ್ಲೇ ಅಮ್ಮ ಹಿತ್ತಲಿನಿಂದ ಕರೆದಳು. "ಬಾರೇ ಇಲ್ಲಿ. ಹಕ್ಕಿ ಸಿಕ್ಕಾಕ್ಕೊಂಡಿದೆ."

ಮಗು ಹೀಗೆ ಅಳುತ್ತಿರುವಾಗ ಈಕೆಗೆ ಹಕ್ಕಿಯ ಚಿಂತೆ ಎಂದು ನನ್ನ ಸಿಟ್ಟು ನೆತ್ತಿಗೇರಿತು. ಮಗುವನ್ನು ಹೆಗಲಿಗೆ ಹಾಕಿಕೊಂಡೇ ಹೋದೆ. ಬೋಳುತಲೆಯ ಆ ಹಕ್ಕಿ ಬೇಲಿಯ ಕೆಳಗಿನ ರೆಂಬೆಗೆ ಒಂದು ಕಾಲಿನಿಂದ ಜೋತುಬಿದ್ದು, ಇದ್ದ ಅರ್ಧಂಬರ್ಧ ರೆಕ್ಕೆ ಬಡಿಯುತ್ತಿತ್ತು. ಬೆಕ್ಕು ಹುಲ್ಲಿನ ಮೇಲೆ ಹೊಟ್ಟೆ ಊರಿ ಕೂತಿತ್ತು, ಅಮ್ಮ ಕೋಲು ಹಿಡಿದು ಅದಕ್ಕೆ ಅಡ್ಡ ನಿಂತಿದ್ದಳು. ಗಲಾಟೆ ಕೇಳಿ ಪಕ್ಕದ ಮನೆಯಾಕೆ ಪಾತ್ರೆ ಒರೆಸುವ ಟವೆಲು ಹಿಡಿದು ಬಂದರು. ಮೊದಲು ಬೆಕ್ಕನ್ನು ಎತ್ತಿ ಒಳಗೆ ಹಾಕಿ ಬಾಗಿಲು ಮುಚ್ಚಿದರು. ಆಮೇಲೆ ಟವೆಲನ್ನು ಹಕ್ಕಿಯ ಮೇಲೆ ಹಾಕಿ, ರೆಂಬೆಯ ಸಮೇತ ಹಿಡಿದು, ಕತ್ತರಿ ಬೇಕು ಎಂದರು. ಅಮ್ಮ ಭಾಷೆ ತಿಳಿಯದಿದ್ದರೂ ಕೈಸನ್ನೆ ನೋಡಿ ಒಳಗೋಡಿ ತಂದಳು.

ಹಕ್ಕಿಯ ಕಾಲಿಗೆ ಸುತ್ತಿದ್ದು ದಾರವಲ್ಲ, ಕೂದಲು. ಉದ್ದನೆಯ ಕಪ್ಪು ಕೂದಲು, ಬೆರಳಿನಿಂದ ಬೆರಳಿಗೆ, ಅಲ್ಲಿಂದ ರೆಂಬೆಗೆ. ಪಕ್ಕದ ಮನೆಯಾಕೆ ಅದನ್ನು ಒಂದೊಂದೇ ಕತ್ತರಿಸುತ್ತ, ನನ್ನ ಜಡೆಯನ್ನೊಮ್ಮೆ ನೋಡಿ, "ಸಾಕಷ್ಟು ಉದ್ದ ಇದೆ, ಅಲ್ಲವೇ" ಎಂದರು, ಹವಾಮಾನದ ಮಾತಾಡುವಂತೆ. ಒಂದು ಬೆರಳು ಊದಿ ಕಪ್ಪಾಗಿತ್ತು. ಕೂದಲು ಚರ್ಮದೊಳಗೇ ಇಳಿದುಹೋಗಿದೆ, ಎಳೆದಷ್ಟೂ ಬಿಗಿದುಕೊಂಡಿದೆ, ಮೇಲಿಂದ ಕಾಣುವುದೇ ಇಲ್ಲ ಎಂದರು. ಹಕ್ಕಿ ಆ ಕಾಲನ್ನು ಮಡಚಿ ಮಡಚಿ ಎದೆಗೆ ಎಳೆದುಕೊಳ್ಳುತ್ತಿತ್ತು.

ನನ್ನ ಹೆಗಲ ಮೇಲೆ ಮಗುವೂ ಒಂದು ಕಾಲು ಮಡಚಿ ಎಳೆದುಕೊಳ್ಳುತ್ತಿತ್ತು. ನಿನ್ನೆಯಿಂದಲೂ ಅದೊಂದೇ ಕಾಲು. ಇನ್ನೊಂದರಿಂದ ನನ್ನ ಹೊಟ್ಟೆಗೆ ಒದೆಯುತ್ತಿದ್ದಳು, ಮಡಚಿದ ಕಾಲಿನಿಂದ ಒದೆಯುತ್ತಿರಲಿಲ್ಲ. ನಾನು ಅಲ್ಲೇ ಹುಲ್ಲಿನ ಮೇಲೆ ಕೂತು ಗಂಟು ಬಿಚ್ಚಿ ಸಾಕ್ಸು ಎಳೆದೆ.

ಎರಡನೆಯ ಬೆರಳು ನೇರಳೆ ಬಣ್ಣದ ದ್ರಾಕ್ಷಿಯ ಹಾಗೆ ಊದಿ, ಬುಡದಲ್ಲಿ ಗೆರೆ ಕೊರೆದಂತೆ ಒಳಗಿಳಿದಿತ್ತು. ಅಲ್ಲಿ ಏನೂ ಕಾಣಲಿಲ್ಲ. ಆದರೆ ಸಾಕ್ಸಿನ ಒಳಮೈ ತಿರುವಿದಾಗ ನನ್ನದೇ ಕೂದಲ ಎಳೆಗಳು ಉಣ್ಣೆಯೊಳಗೆ ನೇಯ್ದುಕೊಂಡಿದ್ದವು. ಗಂಡನನ್ನು ಕೂಗಿದ್ದು ನಾನೋ ಅಮ್ಮನೋ ಗೊತ್ತಿಲ್ಲ. ಅವನು ಬರಿಗಾಲಲ್ಲಿ ಓಡಿಬಂದು, ನೋಡಿದವನೇ, "ಕೂದಲು" ಎಂದು ಕಾರಿನ ಕೀಲಿ ಹುಡುಕಿದ.

ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅವನದು ಒಂದೇ ಮಾತು. "ಇದನ್ನ ಪರೀಕ್ಷೆಗೆ ಓದಿದ್ದೆ. ಅಳೋ ಮಗುವಿನ ಬೆರಳೆಲ್ಲ ನೋಡ್ಬೇಕು ಅಂತ ಓದಿದ್ದೆ." ಓದಿ ಏನು ಬಂತು ಎಂದು ಕೇಳಲು ಬಾಯಿಗೆ ಬಂದಿತ್ತು, ಸಿಗ್ನಲ್ಲಿನಲ್ಲಿ ಅವನ ಕಾಲಿಗೆ ಚಪ್ಪಲಿಯೂ ಇಲ್ಲದ್ದನ್ನು ನೋಡಿ ನುಂಗಿಕೊಂಡೆ. ಅಲ್ಲಿ ನಮ್ಮನ್ನು ಕಾಯಿಸಲಿಲ್ಲ. ಭೂತಗನ್ನಡಿ ಏರಿಸಿಕೊಂಡ ಡಾಕ್ಟರೊಬ್ಬಳು ಬೆರಳು ಮರಗಟ್ಟಿಸಿ, ಸಣ್ಣ ಬ್ಲೇಡಿನಿಂದ ಚರ್ಮವನ್ನು ಚೂರೇ ಚೂರು ಗೀರಿ, ಎಳೆಯನ್ನು ಹುಡುಕಿ ಕತ್ತರಿಸಿದಳು. ಬೆರಳು ಉಳಿಯುತ್ತದೋ ಎಂದು ಕೇಳಿದೆ. ನೋಡೋಣ ಎಂದಳು. ನಾನು, ಗಂಡ, ಅಮ್ಮ ಮೂವರೂ ಆ ಬೆರಳನ್ನೇ ನೋಡುತ್ತ ನಿಂತೆವು. ನೇರಳೆ ಬಣ್ಣ ತಿಳಿಯಾಗಿ, ಮಾಸಿ, ಕೊನೆಗೆ ಗುಲಾಬಿಗೆ ತಿರುಗಿತು. ಉಳಿಯುತ್ತದೆ ಎಂದಳು. ಮಗು ಆಗಲೇ ನಿದ್ದೆಹೋಗಿತ್ತು. ನಾನು ಅಲ್ಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ಮನೆಗೆ ಬಂದಾಗ ಪಕ್ಕದ ಮನೆಯಾಕೆ ಗೇಟಿನ ಹತ್ತಿರ ನಿಂತಿದ್ದರು. ಮಗು ಹೇಗಿದೆ ಎಂದು ಕೇಳಿದ ಮೇಲೆ ಹಕ್ಕಿಯ ಸುದ್ದಿ ಹೇಳಿದರು. ಬೇಲಿಯ ಬುಡದಲ್ಲಿ ಬಿಟ್ಟಿದ್ದಾರೆ, ಕುಪ್ಪಳಿಸಿಕೊಂಡು ಹೋಯಿತು. ಆ ಬೆರಳು ಮಾತ್ರ ಸತ್ತಿದೆ, ಒಣಗಿ ಬಿದ್ದುಹೋಗುತ್ತದೆ. ಗರಿಯೇನೋ ತಿರುಗಿ ಬರುತ್ತದೆ ಎಂದರು. ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಅಮ್ಮನಿಗೆ ಹೇಳಿದೆ. ಅವಳು ಕೇಳಿಸಿಕೊಂಡು ಒಳಗೆ ಹೋದಳು.

ನಾನು ಜಗಳಕ್ಕೆ ಸಿದ್ಧವಾಗಿದ್ದೆ. ಸಾಕ್ಸು, ಕೂದಲಿನ ಉಂಡೆ, ಹೆಲ್ತ್ ವಿಸಿಟರ್ ಹೇಳಿದ್ದು, ನಾಲ್ಕು ತಿಂಗಳಿಂದ ನುಂಗಿದ್ದೆಲ್ಲವನ್ನೂ ಕಾರಿನಲ್ಲೇ ಸಾಲಾಗಿ ಜೋಡಿಸಿಕೊಂಡಿದ್ದೆ. ಅಮ್ಮ ಅವಕಾಶವನ್ನೇ ಕೊಡಲಿಲ್ಲ. ಬಡಿಸಿದ್ದನ್ನು ತಿಂದಳು, ಕೇಳಿದ್ದಕ್ಕೆ ಹೂಂ ಅಂದಳು. ಮಗು ಎದ್ದು ಕೈಕಾಲು ಆಡಿಸಿದರೂ ಎತ್ತಿಕೊಳ್ಳಲಿಲ್ಲ. ಮರುದಿನ ಸ್ನಾನದ ಹೊತ್ತಾಯಿತು, ಎಣ್ಣೆ ಬಿಸಿ ಮಾಡಲಿಲ್ಲ. ಸೋಫಾದ ತುದಿಯಲ್ಲಿ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದಳು.

"ನೀರು ಕಾದಿದೆ ಅಮ್ಮ."

"ನೀನೇ ಹಾಕು. ನನ್ನ ಕೈ ಸರಿಯಿಲ್ಲ ಕಣೇ." ಕೈಗಳನ್ನು ಸೆರಗಿನಿಂದ ತೆಗೆಯದೆಯೇ, "ಅಳಿಯಂದ್ರಿಗೆ ಹೇಳಿ ಟಿಕೆಟ್ ಮುಂಚಿನ ದಿನಕ್ಕೆ ಹಾಕ್ಸು" ಎಂದಳು.

ಆಗ ನನಗೆ ಬಂದ ಸಿಟ್ಟು ಅಷ್ಟು ದಿನದ ಯಾವ ಸಿಟ್ಟಿನಂತೆಯೂ ಇರಲಿಲ್ಲ. ಮಾಡುವಾಗ ಯಾರ ಮಾತೂ ಕೇಳದೆ ಮಾಡಿ, ಈಗ ಹೀಗೆ ಕೈ ಕಟ್ಟಿ ಕೂತರೆ ಏನರ್ಥ. ಮಗುವನ್ನು ಬಚ್ಚಲಿಗೆ ಎತ್ತಿಕೊಂಡು ಹೋದೆ. ಅಮ್ಮನ ಹಾಗೆ ಕಾಲು ಚಾಚಿ ಕೂತು, ಕಾಲ ಮೇಲೆ ಮಲಗಿಸಲು ನೋಡಿದೆ; ಎಣ್ಣೆಮೈ ಜಾರಿತು, ಮಗು ಬೆದರಿ ಕೂಗಿತು, ಕಿವಿಗೆ ನೀರು ಹೋಯಿತು. ಅಮ್ಮನಿಗೆ ಎಲ್ಲ ಕೇಳಿಸುತ್ತಿತ್ತು, ಬರಲಿಲ್ಲ. ನಾನು ಒದ್ದೆ ನೈಟಿಯಲ್ಲೇ ಬಂದು, ಟವೆಲಿನಲ್ಲಿ ಸುತ್ತಿದ ಮಗುವನ್ನು ಅವಳ ತೊಡೆಯ ಮೇಲೆ ಹಾಕಿದೆ.

"ನಂಗೆ ಬರಲ್ಲ," ಎಂದೆ. "ಯಾರ್ ಹತ್ರ ಬಿಟ್ಟು ಹೋಗ್ತೀಯ?"

ಅಮ್ಮ ಬಹಳ ಹೊತ್ತು ಮುಟ್ಟಲಿಲ್ಲ. ಮಗು ಅವಳ ಸೆರಗು ಹಿಡಿದು ಎಳೆಯಿತು. ಆಮೇಲೆ ಕನ್ನಡಕ ಏರಿಸಿಕೊಂಡು, ಕಿಟಕಿಯ ಬೆಳಕಿಗೆ ತಿರುಗಿ, ಎರಡೂ ಪಾದಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಪಟ್ಟಿ ಕಟ್ಟಿದ ಬೆರಳಿನ ಹತ್ತಿರ ಬಂದಾಗ, ಪಟ್ಟಿಯ ಅಂಚಿನಲ್ಲಿ ಎಳೆಯೇನಾದರೂ ಇದೆಯೇ ಎಂದು ಸವರಿ ನೋಡಿದಳು.

"ತಣ್ಣಗಿದೆ ಪಾದ" ಎಂದಳು.

ಬಂತು ಸಾಕ್ಸು ಎಂದು ನಾನು ಸೊಂಟಕ್ಕೆ ಕೈಯಿಟ್ಟು ನಿಂತೆ. ಅಮ್ಮ ಸಾಕ್ಸಿನ ಕಡೆ ನೋಡಲೂ ಇಲ್ಲ. ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡು, ಎರಡು ಪಾದಗಳನ್ನೂ ಅವುಗಳ ನಡುವೆ ಹಿಡಿದು ಕೂತಳು. ಮಗು ಹಾಗೇ ಮಲಗಿತು, ಅವಳು ಕೈ ತೆಗೆಯಲಿಲ್ಲ. ಅಡುಗೆ ನಾನೇ ಮಾಡಬೇಕಾಯಿತು. ಊಟದ ಹೊತ್ತಾದರೂ ಕೈ ತೆಗೆಯಲಿಲ್ಲ, ಕರೆದರೂ ಏಳಲಿಲ್ಲ. ಕೊನೆಗೆ ಸಾಕುಸಾಕಾಗಿ ಅನ್ನ ಹುಳಿ ಕಲಸಿಕೊಂಡು ಬಂದು, ಅವಳ ಪಕ್ಕದಲ್ಲಿ ಕೂತು, ತುತ್ತು ಮಾಡಿ ಬಾಯಿಗಿಟ್ಟೆ. ಅಗಿದು ನುಂಗಿ, ಉಪ್ಪು ಸಾಲದು ಎಂದಳು.